ಎಸ್ಫಂದ್ ನೀರಿನ ಗೋಧಿ

ಖೊಸ್ರೌಆಬಾದ್, ಬೀರ್ಜಂದ್ ಹತ್ತಿರ
ಆಬಾನ್ ತಿಂಗಳು, ಇಪ್ಪತ್ತು

ಪ್ರೀತಿಯ ತಮ್ಮ ಯದುಲ್ಲಾ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ? ಸೈನ್ಯದಲ್ಲಿ ತಲೆ ಬೋಳಿಸಿದ್ದಾರಂತೆ. ನಾನು ಹೆಣೆದ ಉಣ್ಣೆ ಟೋಪಿಯನ್ನು ನಾಚಿಕೆ ಬಿಟ್ಟು ಹಾಕಿಕೋ. ಇಲ್ಲಿ ಎಲ್ಲರ ಆರೋಗ್ಯ ಚೆನ್ನಾಗಿದೆ, ಮನಸ್ಸು ಮಾತ್ರ ಯಾರದ್ದೂ ಚೆನ್ನಾಗಿಲ್ಲ.

ನಮ್ಮ ಗೋಧಿ ಮೊಳೆಯಲಿಲ್ಲ. ಮಣ್ಣು ಕೆದಕಿದರೆ ಬಿತ್ತಿದ ಕಾಳು ಊದಿಕೊಂಡು ಹಾಗೇ ಬಿದ್ದಿದೆ. ಅಮ್ಮ ತಪ್ಪನ್ನೆಲ್ಲ ನೀನು ಮದುವೆಯಾಗಬೇಕಾದ ಗುಲಂದಾಮಳ ತಲೆಗೆ ಕಟ್ಟಿದ್ದಾಳೆ. ಬಿತ್ತನೆಗೆ ಮುಂಚೆ ಆ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಬೀಜದ ರಾಶಿ ನೋಡಿ, "ಅಬ್ಬಾ ಅತ್ತೆ, ಎಷ್ಟು ಚೆಂದದ ಕಾಳು!" ಅಂದಳು. ಹಿಂದೆಯೇ ದೃಷ್ಟಿ ತಾಗದಂತೆ 'ಮಾಷಾಅಲ್ಲಾ' ಅನ್ನಲು ಮರೆತಳು. ಅಷ್ಟೇ ಸಾಕಾಯಿತು. "ಇನ್ನೂ ಹೊಸ್ತಿಲು ದಾಟಿಲ್ಲ, ಆಗ್ಲೇ ಅವಳ ಕಣ್ಣು ಹೊಲ ತಿಂತು. ಒಳಗೆ ಬಂದ್ರೆ ನನ್ನ ಮಗನ್ನೇ ತಿಂತಾಳೆ" ಎಂದು ಅಮ್ಮ ಕಾಲುವೆಯ ಹತ್ತಿರ ಹೆಂಗಸರೆಲ್ಲರ ಮುಂದೆ ಹೇಳಿದ್ದಾಳೆ. ಶುಕ್ರವಾರ ಉಂಗುರ ವಾಪಸು ಕೇಳಲು ಹೋಗುತ್ತಾಳಂತೆ. ನನಗೆ ಮೈಯೆಲ್ಲ ಉರಿಯಿತು.

ಕೇಳು. ಗುಲಂದಾಮ್ ನೋಡಿ ಹೋದ ಮೇಲೆ ಸೋದರಮಾವ ಅದೇ ರಾಶಿಯಿಂದ ಒಂದು ಚೀಲ ಒಯ್ದಿದ್ದ. ಅವನ ಹೊಲ ಹಸಿರಾಗಿದೆ. ಉಳಿದ ಬೀಜವನ್ನು ಅಮ್ಮ ದೃಷ್ಟಿ ಕಳೆಯಲೆಂದು ಎಸ್ಫಂದ್ ಗಿಡ ಕುದಿಸಿದ ನೀರಿನಲ್ಲಿ ನೆನೆಸಿದಳು. ಎಲ್ಲರ ಹಾಗೆ ಎಸ್ಫಂದನ್ನು ಕೆಂಡಕ್ಕೆ ಹಾಕಿ ಬೀಜಕ್ಕೆ ಹೊಗೆ ಹಿಡಿದಿದ್ದರೆ ಆಗುತ್ತಿತ್ತು, ಅವಳಿಗೆ ಅಷ್ಟು ಸಾಲದು! ಗೋರಿಗಳ ಬದಿಯಲ್ಲಿ ಎಸ್ಫಂದ್ ಗಿಡದ ಬುಡಕ್ಕೆ ಹುಲ್ಲೂ ಹುಟ್ಟದ್ದನ್ನು ನೀನೂ ನೋಡಿದ್ದೀಯ. ಮಾವನ ಚೀಲದಲ್ಲಿ ಉಳಿದ ಕಾಳು ತಂದು, ನೌರೋಜ್ ಹಬ್ಬಕ್ಕೆ ಮೊಳಕೆ ಹಾಕುವ ಹಾಗೆ ಎರಡು ತಟ್ಟೆಯಲ್ಲಿ ಹಾಕಿದೆ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಎಸ್ಫಂದ್ ನೀರು. ಮೊದಲನೆಯದು ಬೆರಳುದ್ದ ಬೆಳೆದಿದೆ. ಎರಡನೆಯದರಲ್ಲಿ ಒಂದು ಮೊಳಕೆಯೂ ಇಲ್ಲ. ಆ ಗಿಡದ ಕಹಿಯಲ್ಲಿ ಬೀಜವನ್ನು ಏಳಗೊಡದ ಏನೋ ಇದೆ. ಅಮ್ಮನಿಗೆ ತೋರಿಸುತ್ತೇನೆ. ಕಣ್ಣಾರೆ ಕಂಡ ಮೇಲೂ ಒಪ್ಪದಿರುತ್ತಾಳೆಯೇ?

ಹೊತ್ತುಹೊತ್ತಿಗೆ ಉಣ್ಣು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ತೂಬಾ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ತೋರಿಸಿಯೇ ಬಿಟ್ಟೆ. ಅಮ್ಮ ಎರಡೂ ತಟ್ಟೆಯ ಕಾಳನ್ನು ಬೆರಳಿನಿಂದ ಕೆದಕಿ ನೋಡಿದಳು. ಆಮೇಲೆ, "ಇವನ್ನ ತಿಪ್ಪೆಗೆ ಹಾಕು. ಊರಿಗೆಲ್ಲ ಹೇಳಿದ್ದಾಗಿದೆ. ಈಗ ನಾನೇ ಹಾಳು ಮಾಡ್ದೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದಳು. ಶುಕ್ರವಾರ ಹೋಗಿಯೇ ಹೋಗುತ್ತಾಳೆ. ನಾನು ತಿಪ್ಪೆಗೆ ಹಾಕಲಿಲ್ಲ. ಎರಡೂ ತಟ್ಟೆಯನ್ನು ಹೊದ್ದ ಚಾದರದೊಳಗೆ ಹಿಡಿದು ಈಗಲೇ ಗುಲಂದಾಮಳ ಮನೆಗೆ ಹೊರಟಿದ್ದೇನೆ. ನಿನ್ನ ಮುಂದಿನ ಕಾಗದವನ್ನು ಸೋದರಮಾವನ ಮನೆಗೆ ಬರೆ. ಅಮ್ಮ ನನ್ನನ್ನು ಮತ್ತೆ ಒಳಗೆ ಸೇರಿಸುತ್ತಾಳೆಂಬ ನಂಬಿಕೆ ನನಗಿಲ್ಲ.