ಒಂದೇ ಹಲಗೆಯ ಎರಡು ಗಡಿಯಾರ

ಅಬ್ಬಾ,

ನಾವು ಗೆದ್ದೆವು. ನಮ್ಮ ಪ್ರಯೋಗಾಲಯದವರು ನಾಲ್ಕು ವರ್ಷ ಅಳೆದದ್ದು ಸರಿಯೆಂದು ಇವತ್ತು ಬೆಳಿಗ್ಗೆ ವಿಜ್ಞಾನ ಪತ್ರಿಕೆಯಿಂದ ಪತ್ರ ಬಂತು. ರಜೆಗೆ ದುರ್ಗಕ್ಕೆ ಬಂದಿದ್ದೆ. ನೀವು ಹೋದ ಮೇಲೆ ಮುಚ್ಚಿಯೇ ಇದ್ದ ನಿಮ್ಮ ಗಡಿಯಾರ ರಿಪೇರಿ ಅಂಗಡಿಯಲ್ಲಿ ನಿಂತು ಓದಿದೆ.

"ಏನ್ ಗೆದ್ದೆ, ನಂಗೂ ತಿಳಿಯಂಗೆ ಹೇಳು" ಎಂದರು ಅಮ್ಮಿ.

ಚಿಕ್ಕವಳಿದ್ದಾಗ ಗಿರಾಕಿಯ ಎರಡು ಗಡಿಯಾರಗಳನ್ನು ಒಂದೇ ಹಲಗೆಗೆ ನೇತುಹಾಕಿ ನಿಮ್ಮಿಂದ ಬೈಸಿಕೊಂಡಿದ್ದೆ. "ಹಂಗ್ ಹಾಕ್ಬ್ಯಾಡಮ್ಮ, ಒಂದರ ಓಟ ಇನ್ನೊಂದು ತಿಂತೈತೆ" ಎಂದಿದ್ದಿರಿ. ಇವತ್ತು ಬೇಕೆಂದೇ ಹಾಕಿದೆ. ನಿಮ್ಮ ಕುರ್ಚಿಗೂ ಗಿರಾಕಿಗಳ ಕುರ್ಚಿಗೂ ನಡುವೆ ತೆಳು ಹಲಗೆ ಇಟ್ಟು, ಒಂದರ ಪೆಂಡುಲಂ ಮಾತ್ರ ತಳ್ಳಿದೆ. ಅದು ನಿಧಾನವಾಗಿ ನಿಂತಿತು, ಪಕ್ಕದ್ದು ತೂಗತೊಡಗಿತು. ಆಮೇಲೆ ಅದೂ ತನ್ನ ಓಟವನ್ನು ಮೊದಲನೆಯದಕ್ಕೆ ವಾಪಸು ಕೊಟ್ಟಿತು.

"ಸಿಲಿಕಾನ್ ಹರಳಿನೊಳಗೆ ಹೋದ ನ್ಯೂಟ್ರಾನ್ ಅಲೆನೂ ಎರಡಾಗಿ ಹಿಂಗೇ ಕೊಟ್ಟು ತಗೊಳ್ತೈತೆ ಅಮ್ಮಿ. ಯಾರಿಗೂ ಗೊತ್ತಿಲ್ಲದ ಬಲ ಅಲ್ಲಿ ಅಡಗಿದ್ರೆ ಈ ತೂಗಾಟ ಲೆಕ್ಕ ತಪ್ಪಬೇಕಿತ್ತು. ತಪ್ಪಲಿಲ್ಲ. ಅಲ್ಲಿ ಅಂಥದ್ದಿಲ್ಲ ಅಂತ ನಮ್ಮಷ್ಟು ಗಟ್ಟಿಯಾಗಿ ಇನ್ನೂ ಯಾರೂ ಹೇಳಿಲ್ಲ."

ಎದೆಯುಬ್ಬಿಸಿಯೇ ಹೇಳಿದೆ. ಅಮ್ಮಿಗೆ ಪೂರ್ತಿ ತಿಳಿಯಿತು. ಪೆಂಡುಲಂ ನೋಡುತ್ತಲೇ ಕೇಳಿದರು: "ಅವತ್ತು ಫೋನಿನಾಗೆ ನಿಮ್ಮಬ್ಬ ಕೇಳಿದ್ದೂ ಇದನ್ನೇ ಅಲ್ವಾ?"

ಇದನ್ನೇ. "ನಿಮಗೆ ಅರ್ಥ ಆಗಲ್ಲ ಬಿಡ್ರಿ" ಎಂದು ನಾನು ಫೋನಿಟ್ಟಿದ್ದೆ.

ಹಲಗೆ ಇನ್ನೂ ಇಳಿಸಿಲ್ಲ ಅಬ್ಬಾ. ಈಗ ನಿಮ್ಮ ಕುರ್ಚಿಯ ಕಡೆಯದು ತೂಗುತ್ತಿದೆ.

ಅಂಬ್ರೀನ್