ಹಸಿರು ತಾಯಿಗೆ ಬೆಟಗೇರಿ ಸೆರಗು

ಲಕ್ಷ್ಮೇಶ್ವರ, ೧೯೭೯

ಪಾಲ್ಡೆನ್ ಕಾಕಾ ಅವರಿಗೆ ಖೈರುನಬಿಯ ಸಲಾಮು.

ನನ್ನ ಅಕ್ಷರ ಸೊಟ್ಟ, ತಪ್ಪುಗಳೂ ಇರುತ್ತವೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಕನ್ನಡ ಬಲ್ಲ ನಿಮ್ಮ ಮಗಳು ಓದಿ ಹೇಳಲಿ. ಎದುರಿಗೆ ಕುಳಿತರೆ ನನಗೆ ಮಾತು ಬರುವುದಿಲ್ಲವೆಂದು ನಿಮಗೆ ಗೊತ್ತು.

ಪ್ರತಿ ಚಳಿಗಾಲ ಮುಂಡಗೋಡದ ಕ್ಯಾಂಪಿನಿಂದ ಬಂದು, ಬಸ್ ಸ್ಟ್ಯಾಂಡಿನಲ್ಲಿ ಸ್ವೆಟರ್ ಮಾರಿ, ನಮ್ಮ ಪಡಸಾಲೆಯಲ್ಲಿ ಮಲಗುತ್ತಿದ್ದಿರಿ. ಟಿಬೆಟ್ಟಿನಲ್ಲಿ ನೀವು ಮಠದ ಚಿತ್ರಗಾರರಾಗಿದ್ದಿರಿ, ಸೈನಿಕರು ಚಿತ್ರಗಳನ್ನೆಲ್ಲ ಸುಟ್ಟಾಗ ಕುಂಚಗಳನ್ನು ಬೂಟಿನಲ್ಲಿ ಅಡಗಿಸಿಕೊಂಡು ಹಿಮ ದಾಟಿದಿರಿ ಎಂಬುದು ನಮಗೆ ತಿಳಿದದ್ದು ಹೋದ ವರ್ಷ, ಆ ಕುಂಚಗಳನ್ನು ಮೊದಲ ಸಲ ಹೊರತೆಗೆದಾಗ. ಕ್ಯಾಂಪಿನ ಪ್ರಾರ್ಥನೆ ಮನೆಗೆ ನೀವು ಹಸಿರು ತಾಯಿ ಎನ್ನುವ ನಿಮ್ಮ ದೇವಿಯ ಚಿತ್ರ ಬೇಕಾಗಿತ್ತು. "ಸ್ವೆಟರ್ ಮಾರಾಂವಗ ದೇವರ ಬರಿಯಾಕ ಬರತೈತೇನ?" ಎಂದು ನೆರೆಮನೆಯ ಅಮೃತವ್ವ ನಕ್ಕಳು. ನಮ್ಮ ಪಡಸಾಲೆಯಲ್ಲೇ ನೀವು ಉಸಿರು ಹಿಡಿದು ತಾಯಿಯ ಕಣ್ಣು ಬರೆದ ದಿನ ಅದೇ ಅಮೃತವ್ವ ತಲೆ ತುಂಬ ಸೆರಗು ಹೊದ್ದು ಕೈ ಮುಗಿದಳು.

ರೇಷ್ಮೆಯ ಅಂಚಿಲ್ಲದೆ ಚಿತ್ರ ತೂಗುಹಾಕುವಂತಿಲ್ಲ, ಅಂಚು ಹೊಲಿಯುತ್ತಿದ್ದ ಗೆಳೆಯ ಹಿಮದಲ್ಲೇ ಉಳಿದ ಎಂದು ನೀವು ಚಿತ್ರ ಸುತ್ತಿಟ್ಟಿರಿ. ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವ ನಮ್ಮಮ್ಮ ಫಕೀರಬಿ ತನ್ನ ಮದುವೆಯ ಬೆಟಗೇರಿ ರೇಷ್ಮೆ ಸೀರೆ ತೆಗೆದು, ಸೆರಗು ಕತ್ತರಿಸಿ, ಚಿತ್ರಕ್ಕೆ ಅಂಚು ಹೊಲಿದೇಬಿಟ್ಟಳು. "ಟ್ರಂಕಿನ್ಯಾಗ ನುಸಿ ಉಡತಾವು, ನಿಮ್ಮ ತಾಯಿ ಉಡಲಿ ಬಿಡ್ರಿ."

ನಿಮ್ಮ ಬಸ್ಸು ಹೋದ ಮೇಲೆ ಅಮ್ಮ ಹಣೆ ಬಡಿದುಕೊಂಡಳು. ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ನಾವು ರೊಟ್ಟಿಯ ತುಣುಕು ಇಡುತ್ತೇವಲ್ಲ, ಕೈಯ ರೂಢಿಗೆ ಚಿತ್ರದ ಅಂಚಿನೊಳಗೂ ಇಟ್ಟಿದ್ದಳು. "ಅವರ ದೇವರ ಮಡಿ ಹ್ಯಾಂಗೋ ಏನೋ. ಚಿತ್ರಾ ಬ್ಯಾಡಂದ್ರ ಆ ಮನಷ್ಯಾ ಮತ್ತ ಕುಂಚ ಹಿಡಿಯೂದಿಲ್ಲಲೇ ಖೈರೂ." ವರ್ಷವಿಡೀ ಅದೇ ಅಳುಕು.

ಮೊನ್ನೆ ಸ್ವೆಟರ್ ತಂದ ನಿಮ್ಮ ತಮ್ಮನ ಮಗ ಎಲ್ಲ ಹೇಳಿದ. ಅಂಚಿನಲ್ಲಿ ಗಂಟು ಕೈಗೆ ಹತ್ತಿ, ಹಿರಿಯ ಲಾಮಾ ಬಿಚ್ಚಿಸಿರೆಂದರಂತೆ. ಪಡಸಾಲೆಯಲ್ಲಿ ಅಮ್ಮನ ಕೈಯನ್ನೇ ನೋಡುತ್ತ ಕುಳಿತಿರುತ್ತಿದ್ದ ನಿಮಗೆ ಅದೇನೆಂದು ತಿಳಿದಿತ್ತು. "ನಾವು ಹಸಗೊಂಡ ಬಂದ್ವಿ. ತಾಯಿ ಹಸೀಬಾರದು ಅಂತ ಫಕೀರಬಿ ಇಟ್ಟಾಳ. ಇರಲಿ," ಎಂದಿರಂತೆ. ಲಾಮಾ ತಾವೇ ಹಗ್ಗ ಎಳೆದು ತಾಯಿಯನ್ನು ಮೇಲೇರಿಸಿದರಂತೆ.

ಈಗ ನೀವು ಸ್ವೆಟರ್ ಮಾರುವುದಿಲ್ಲ, ಮಕ್ಕಳಿಗೆ ಚಿತ್ರ ಕಲಿಸುತ್ತೀರಂತೆ. "ನಮ್ಮ ಪಾಲ್ಡೆನ್ ಮಾಸ್ತರ" ಎಂದು ಅಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ನಾನು ಹೇಳಲಿಲ್ಲ, ಆದರೆ ಅವಳ ಬೆನ್ನಿಗೇ ನಡೆದೆ.

ನಿಮ್ಮ ಮಕ್ಕಳು ಬರೆಯುವ ಕಣ್ಣುಗಳೆಲ್ಲ ನಿಮ್ಮ ಉಸಿರಿನಿಂದ ತೆರೆಯಲಿ. ಇವತ್ತು ಬೆಳಿಗ್ಗೆ, ಉಳಿದ ಸೀರೆಯಿಂದ ನಿಮಗಾಗಿ ಹೊಲಿದ ಕೌದಿಯ ಕೊನೆಯ ಮೂಲೆಗೆ ಬಿಸಿ ರೊಟ್ಟಿ ಮುರಿದು ಇಟ್ಟೆ. "ಜರಾ ದೊಡ್ಡದು ಹಾಕಲೇ," ಎಂದಳು ಅಮ್ಮ. ಹಾಕಿ, ಮುಚ್ಚಿ ಹೊಲಿದೆ.

ನಿಮ್ಮ ಪಡಸಾಲೆಯ ಹುಡುಗಿ,
ಖೈರುನಬಿ