ಸಸಿಗೆ ಹಾಕಿದ ಸಹಿ

ಜುಲೈ 28, ಸೋಮವಾರ
ಮತ್ತೆ ಧಾರೂರು ಕಡೆ. ಕಂಪನಿಯ ನುಗ್ಗೆ ಸಸಿ ಹಂಚಿಕೆ. ಅಲ್ಲಿಯ ಹೆಂಗಸರದು ಕನ್ನಡ; ತೆಲಂಗಾಣದ ತಾಂಡೂರಿನ ನಮ್ಮ ಸಿಮೆಂಟ್ ಆಫೀಸಿನಲ್ಲಿ ಕನ್ನಡ ಬರುವುದು ಇಬ್ಬರಿಗೆ — ಕಂಪನಿ ಸೆಕ್ರೆಟರಿ ಸೋಮಶೇಖರ ಸರ್‌ಗೆ, ನನಗೆ. ಸರ್ ಬಿಸಿಲಿಗೆ ಬರುವವರಲ್ಲ. ಹೊಸ ರಿಜಿಸ್ಟರ್ ತೆಗೆದರೆ ಹೆಂಗಸರಲ್ಲಿ ಹಿರಿಯರಾದ ಸುಗಲಾಬಾಯಿ ಕೈ ಹಿಡಿದರು.
"ತಡೀ ಬಾಯಿ, ಹೊಸಾ ಬುಕ್ಕಿಗಿ ಹಂಗೇ ಬರೀತಾರೇನು?"
ಪುಟದ ಮೂಲೆಗೆ ಮೂರು ಬೆರಳಿನಿಂದ ಕುಂಕುಮ ಎಳೆದರು. ಆಮೇಲೆ ಸಸಿ ಪಡೆದದ್ದಕ್ಕೆ ಸಹಿ. ನಲವತ್ತೊಂದು ಹೆಂಗಸರು. ಪುಟದ ತಲೆಗೆ ಏನೂ ಬರೆದಿರಲಿಲ್ಲ. ಹೆಡಿಂಗ್ ಆಮೇಲೆ ಹಾಕೋಣ ಎಂದಿದ್ದರು ಸರ್.

ಸೆಪ್ಟೆಂಬರ್ 2, ಸಂಜೆ
ಬೋರ್ಡ್ ಫೈಲ್ ಜೋಡಿಸುತ್ತಿದ್ದೆ. ವರ್ಷದ ವರದಿಗೆ ಒಂದು ಘೋಷಣೆ: "ಸರ್ಕಾರದ ಮುಂದೆ ನಾವಿಡುವ ಪ್ರತಿ ಬೇಡಿಕೆಯೂ ನಮ್ಮ ಹವಾಮಾನ ನೀತಿಗೆ ಅನುಗುಣವಾಗಿದೆ." ಪರಿಶೀಲಿಸಿದವರು — ನನ್ನ ಹೆಸರು. ಸರಿ, ಪರಿಶೀಲಿಸೋಣ ಎಂದು ಸಿಮೆಂಟ್ ಸಂಘದ ಫೈಲ್ ತೆರೆದೆ. ನಮ್ಮ ಎಂ.ಡಿ.ಯೇ ಸಂಘದ ಅಧ್ಯಕ್ಷ. ಸಂಘ ಸರ್ಕಾರಕ್ಕೆ ಬರೆದಿದೆ: ಇಂಗಾಲದ ಹೊಗೆಯ ಹೊಸ ಮಿತಿ ಐದು ವರ್ಷ ಮುಂದೂಡಿ, ರೈತರೂ ಇದನ್ನೇ ಕೇಳುತ್ತಿದ್ದಾರೆ. ಲಗತ್ತು: ರೈತ ಮಹಿಳೆಯರ ಮನವಿ. ಜೆರಾಕ್ಸ್. ಮೂಲೆಯಲ್ಲಿ ಕಪ್ಪು ಕಲೆ... ಮೂರು ಬೆರಳಗಲ.
ಮೈ ಉರಿಯಿತು. ಎಂಥ ನಾಚಿಕೆಗೆಟ್ಟ ಜನ! ಸಸಿ ಕೊಟ್ಟು ಸಹಿ ಕದಿಯುವುದೇ? ಕದ್ದ ಕೈ ಮಾತ್ರ ನನ್ನದು.

ಸೆಪ್ಟೆಂಬರ್ 3
ಕೇಳಿದೆ. ಸರ್ ನಕ್ಕರು.
"ಯಾಕ ತಲಿ ಕೆಡಿಸ್ಕೋತಿ ರಂಜನಾ? ಲಾಬಿ ಸಂಘದ್ದು, ಘೋಷಣಾ ಕಂಪನಿದು. ಎರಡೂ ಬ್ಯಾರೆ. ಸುಮ್ನ ಸಹಿ ಮಾಡು. ಇಲ್ಲಂದ್ರ ನೌಕರಿ ಹೋಗ್ತದ."
ಒಬ್ಬನೇ ಮನುಷ್ಯ, ಎರಡು ಲೆಟರ್‌ಹೆಡ್. ಬೇರೆಯಂತೆ!

ಸೆಪ್ಟೆಂಬರ್ 7, ಭಾನುವಾರ
ಬಸ್ ಹತ್ತಿ ಹೋಗಿ ಸುಗಲಾಬಾಯಿಗೆ ಎಲ್ಲ ಹೇಳಿದೆ. ನುಗ್ಗೆ ಸಸಿಗೆ ನೀರು ಹಾಕುತ್ತಲೇ ಅಂದರು:
"ಹೊಗಿ ಬಿಡ್ರಿ ಅಂತ ನಾವೇ ಬರದು ಕೊಟ್ಟಂಗಾತು. ನಿನ್ನ ಮಾರಿ ನೋಡಿ ಹಾಕೀವಿ ಬಾಯಿ. ಆ ಸಹಿ ನೀನೇ ಹೊಡದು ಹಾಕು."
ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸೆಪ್ಟೆಂಬರ್ 11, 11.40
ಬೋರ್ಡ್ ಮೀಟಿಂಗ್. ಘೋಷಣೆಗೆ ಸಹಿ ಮಾಡಲಿಲ್ಲ. ಕೆಳಗೆ ಬರೆದೆ: "ಅನುಗುಣವಾಗಿಲ್ಲ. ಮನವಿಯ ಸಹಿಗಳು ಸಸಿ ಪಡೆದದ್ದಕ್ಕೆ ಹಾಕಿದವು. ಹಾಕಿಸಿಕೊಂಡವಳು ನಾನು." ಏಳು ನಿರ್ದೇಶಕರಿಗೂ ಒಂದೊಂದು ಪ್ರತಿ ಮೇಜಿನ ಮೇಲಿಟ್ಟು ಹೊರಗೆ ಕೂತಿದ್ದೇನೆ.

11.55
ಸರ್ ಬಾಗಿಲು ತೆರೆದರು. ಮುಖ ಬಿಳಿಚಿಕೊಂಡಿದೆ.
"ಒಳಗ ಬಾ. ಮನವಿ ಯಾರು ಬರದಾರಂತ ಕೇಳಾಕತ್ತಾರ. ನಾ ನಿನ್ನ ಹೆಸರು ಹೇಳೀನಿ."
ಹೇಳಲಿ! ನಲವತ್ತೊಂದು ಹೆಸರೂ ಬಾಯಿಪಾಠ. ಒಂದೊಂದಾಗಿ ಹೇಳುತ್ತೇನೆ, ಎಂ.ಡಿ. ಮುಖ ನೋಡಿಕೊಂಡು. ಕೊನೆಗೆ, ಹೆಡಿಂಗ್ ಆಮೇಲೆ ಹಾಕೋಣ ಎಂದವರ ಹೆಸರು —